ರೈಟ್ ಅಂದರೆ ಬಲಕ್ಕಲ್ಲ

ನವೆಂಬರ್ ೯, ಭಾನುವಾರ
ವ್ಯಾನಿನೊಳಗಿಂದ, ಹೊರಗೆ ಮಳೆ

ಪ್ರೀತಿಯ ಸಾರಥಿ,

ನೀನೂ ಅತ್ತಿಗೆಯೂ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲಿಲ್ಲ. ನೀನು ಫೋನ್ ಮಾಡಿದಾಗಲೂ ಎತ್ತಲಿಲ್ಲ. ಮನಸಾರೆ ಬೈದುಕೊಂಡಿರುತ್ತೀಯ, ಬೈಗುಳ ನನಗೆ ಸಲ್ಲಬೇಕಾದದ್ದೇ. ಗಂಟಲು ಕೆಟ್ಟಿದೆ ಕಣಯ್ಯಾ. ಬೇಸಿಗೆಯಲ್ಲಿ ಒಡೆದ ದನಿ ಇನ್ನೂ ಕೂಡಿಕೊಂಡಿಲ್ಲ, ಮಾತು ಕಡಿಮೆ ಮಾಡಿ ಅಂತ ಡಾಕ್ಟರ ಅಪ್ಪಣೆಯಾಗಿದೆ. ನೌಕರಿಯುದ್ದಕ್ಕೂ ನಿನ್ನ ಬೆನ್ನ ಹಿಂದೆ ನಿಂತು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ ಕಂಡಕ್ಟರಿಗೆ ಇದೆಂಥ ಶಿಕ್ಷೆ ನೋಡು. ಅದನ್ನೇ ತೋರಿಸಲು ದೊಡ್ಡಾಸ್ಪತ್ರೆಗೆ ಹೊರಟಿದ್ದೇವೆ. ಈ ದನಿ ಉಳಿಸಿಕೊಂಡು ವಾಪಸ್ಸು ಬಂದರೆ ಸಾಕು.

ಆದರೆ ನಾನು ಬರೆಯಲು ಕೂತದ್ದು ಗಂಟಲಿನ ಕಥೆಯನ್ನಲ್ಲ, ನನ್ನ ಹೆಂಡತಿಯ ಕಥೆಯನ್ನು. ನಮ್ಮ ಮದುವೆಯ ದಿನ "ಇವತ್ತಿಂದ ಇವಳು ನನ್ ತಂಗಿ. ಕಣ್ಣಲ್ಲಿ ನೀರು ಹಾಕ್ಸಿದ್ರೆ ನಿನ್ನನ್ನ ಬಸ್ಸಿಂದ ಇಳಿಸಿಬಿಡ್ತೀನಿ" ಅಂದಿದ್ದೆಯಲ್ಲ, ಆ ನಿನ್ನ ತಂಗಿ ಈಗ ಡ್ರೈವರ್ ಆಗಿದ್ದಾಳೆ. ನಗಬೇಡ.

ಆಸ್ಪತ್ರೆಯ ಸುತ್ತಮುತ್ತಲಿನ ಲಾಡ್ಜುಗಳು ನಮ್ಮಂಥವರಿಗಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇವಳು ಹಾಸಿಗೆಗೇ ಚಕ್ರ ಹಾಕಿಸಿದಳು. ಬೇಕರಿಯವರು ಮೂಲೆಗೆ ತಳ್ಳಿದ್ದ ಬ್ರೆಡ್ ವ್ಯಾನನ್ನು ತಂದು, ಬ್ರೆಡ್ ಜೋಡಿಸುವ ಹಲಗೆಗಳನ್ನೆಲ್ಲ ಕಿತ್ತು ಮಂಚ ಮಾಡಿಸಿದಳು. ತಾನು ಹೊಲಿಯುವ ಟೈಲರ್ ಅಂಗಡಿಯಲ್ಲಿ ಉಳಿದ ಕೋಟಿನ ತುಂಡುಗಳನ್ನೆಲ್ಲ ಕೂಡಿಸಿ ಕಿಟಕಿಗೆ ದಪ್ಪ ಪರದೆ ಹೊಲಿದಳು. ಡ್ರೈವಿಂಗ್ ಕಲಿಸುವವನು ಮೊದಲ ದಿನವೇ "ಅಮ್ಮಾ, ಕ್ಲಚ್ಚು ಹೊಲಿಗೆ ಮಷೀನಿನ ಪೆಡಲ್ ಅಲ್ಲಮ್ಮಾ" ಅಂದನಂತೆ. ಇವಳು "ಪೆಡಲ್ ಅಂದ್ಮೇಲೆ ಪೆಡಲ್ಲೇ ಕಣಪ್ಪಾ. ಮೆತ್ತಗೆ ತುಳಿದ್ರೆ ದಾರ ಕಡಿಯಲ್ಲ" ಅಂದಳಂತೆ. ನಿಜ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ, ಗೇರು ಬದಲಿಸುವುದರಲ್ಲಿ ನಿನಗಿಂತ ನಯ.

ಹೊರಟಾಗಿನಿಂದ ಮಳೆ ಬಿಟ್ಟಿಲ್ಲ. ಎಂಥ ಚಳಿ ಅಂದರೆ, ನಮ್ಮ ಉಸಿರೇ ಚಾವಣಿಗೆ ತಾಗಿ ನೀರಾಗಿ ಮೂಗಿನ ಮೇಲೆ ತೊಟ್ಟಿಕ್ಕುತ್ತದೆ. ಇವಳು ಕಿಟಕಿಯನ್ನು ಬೆರಳಷ್ಟು ತೆರೆದಿಟ್ಟು, ನನ್ನ ಹಳೇ ಬನಿಯನ್ನಿನಲ್ಲಿ ಚಾವಣಿ ಒರೆಸಿ, ಸ್ಟೌ ಹಚ್ಚುತ್ತಾಳೆ. ಪೇಟೆಯಲ್ಲಿ ಸಂತೆ ಮುಗಿಯುವ ಹೊತ್ತಿಗೆ ಹೋಗಿ ಅಗ್ಗಕ್ಕೆ ತಂದ ಆಲೂಗಡ್ಡೆ ಬೇಯಿಸಿ, ಬಿಸಿಬಿಸಿಯಾಗಿ ನನ್ನ ಕೋಟಿನ ಎರಡೂ ಜೇಬಿಗೆ ಒಂದೊಂದು ಹಾಕುತ್ತಾಳೆ. ಮೊದಲು ಕೈ ಕಾಯಿಸಿಕೊಳ್ಳಬೇಕು, ಆರಿದ ಮೇಲೆ ತಿನ್ನಬೇಕು. ಹಾಗಂತ ದೇವತೆಯೇನಲ್ಲ. ಕಂಬಳಿಯನ್ನು ಪೂರ್ತಿ ತನ್ನ ಕಡೆ ಎಳೆದುಕೊಳ್ಳುತ್ತಾಳೆ, ಕೇಳಿದರೆ "ಗಾಡಿ ಓಡಿಸೋರಿಗೆ ನಿದ್ದೆ ಬೇಕು" ಅನ್ನುತ್ತಾಳೆ. ಇದು ನೀನು ಹೇಳಿಕೊಟ್ಟ ಮಾತೇ ಇರಬೇಕು.

ಈಗ ನಮ್ಮ ಮಾನ ಹೋದ ಕಥೆ ಕೇಳು. ಮೊನ್ನೆ ಮಂಜು ಕವಿದ ಒಂದು ಕವಲುದಾರಿಯಲ್ಲಿ ಇವಳು ಗಾಡಿ ನಿಲ್ಲಿಸಿ, "ಆ ಕಡೆ ಏನಾದ್ರೂ ಬರ್ತಿದ್ಯಾ ನೋಡ್ರೀ" ಅಂದಳು. ಹಿಂದೆ ಲಾರಿಯವನು ಹಾರನ್ ಬಡಿಯುತ್ತಿದ್ದ. ನಾನು ಕಿಟಕಿಯಿಂದ ತಲೆ ಹೊರಹಾಕಿ ನೋಡಿದೆ, ರಸ್ತೆ ಖಾಲಿ. ಹಳೇ ಅಭ್ಯಾಸ ಎಲ್ಲಿ ಹೋಗುತ್ತೆ? ಡಾಕ್ಟರನ್ನೂ ಮರೆತು, ಬಾಗಿಲು ತಟ್ಟಿ, "ರೈಟ್ ರೈಟ್!" ಅಂತ ಕೂಗಿದೆ. ಇವಳು ಸಟ್ಟನೆ ಬಲಕ್ಕೆ ತಿರುಗಿಸಿದಳು! ಅದು ಜಲ್ಲಿ ಕ್ವಾರಿಗೆ ಇಳಿಯುವ ದಾರಿ. ಗಾಡಿ ನಾಲ್ಕು ಮಾರು ಜಾರಿ, ಕೆಸರಿನಲ್ಲಿ ಹೂತು ಕೂತಿತು.

"ನೀವೇ ಅಂದ್ರಲ್ರೀ ರೈಟ್ ಅಂತ!"

"ರೈಟ್ ಅಂದ್ರೆ ಹೋಗು ಅಂತ ಕಣೇ! ಬಲಕ್ಕೆ ಅಂತಲ್ಲ!"

"ಹಾಗಾದ್ರೆ ಬಲಕ್ಕೆ ತಿರುಗ್ಸು ಅನ್ನೋಕೆ ನಿಮ್ಮ ಬಸ್ಸಲ್ಲಿ ಏನಂತಿದ್ರಿ?"

"ಏನೂ ಅಂತಿರ್ಲಿಲ್ಲ. ದಾರಿ ಡ್ರೈವರಿಗೆ ಗೊತ್ತಿರುತ್ತೆ!"

ಅಷ್ಟು ಹೇಳುವುದರೊಳಗೆ ನನ್ನ ದನಿ ತಗಡು ಕೆರೆದ ಹಾಗಾಗಿ ನಿಂತೇ ಹೋಯಿತು. ಇವಳು ನನ್ನನ್ನೊಮ್ಮೆ ನೋಡಿದಳು. ಜಗಳ ಅಲ್ಲಿಗೇ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಮಳೆಗೆ ಇಳಿದಳು. ಮಂಚದ ಹಲಗೆಗಳನ್ನೇ ಬಿಚ್ಚಿ ತಂದು ಚಕ್ರದಡಿ ಇಟ್ಟಳು. ನಾನು ತಳ್ಳಲು ಹೋದರೆ "ಒಳಗೆ ಕೂತ್ಕೊಳ್ರೀ, ಶೀತ ಆಗುತ್ತೆ" ಅಂತ ಗದರಿದಳು. ಮೆಲ್ಲಗೆ, ಬಟ್ಟೆಯ ಅಂಚು ಹೊಲಿದಂತೆ, ಹಿಂದಕ್ಕೆ ತೆಗೆದು ರಸ್ತೆಗೆ ಹತ್ತಿಸಿಬಿಟ್ಟಳು. ಅಲ್ಲೇ ಕಾದು ನಿಂತಿದ್ದ ಲಾರಿಯವನು "ಅಮ್ಮಾ, ನೀವು ಎಷ್ಟು ವರ್ಷದಿಂದ ಗಾಡಿ ಓಡಿಸ್ತಿದ್ದೀರಿ?" ಅಂತ ಕೇಳಿದ. ಇವಳು ಮುಖದ ಕೆಸರು ಒರೆಸಿಕೊಂಡು "ಈ ಮಳೆ ಶುರುವಾದಾಗಿಂದ" ಅಂದಳು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ದನಿಯಿದ್ದಿದ್ದರೆ ಇನ್ನೊಂದು ಸಲ ರೈಟ್ ಅಂದುಬಿಡುತ್ತಿದ್ದೆ.

ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಹೊಲಿಗೆ ಪೆಟ್ಟಿಗೆಯಿಂದ ಒಂದು ಹಿತ್ತಾಳೆ ಗಂಟೆ ತೆಗೆದು, ನನ್ನ ಸೀಟಿನಿಂದ ತನ್ನ ತಲೆಯ ಹತ್ತಿರಕ್ಕೆ ದಾರ ಎಳೆದು ಕಟ್ಟಿದ್ದಳು. ನಮ್ಮ ಮೊದಲ ಬಸ್ಸಿನಲ್ಲಿತ್ತಲ್ಲ, ಹಾಗೆಯೇ. ಅದರ ದಾರ ಕಡಿದು, ಡಿಪೋದವರು ಕಟ್ಟಿಕೊಡದೆ ಹೋದದ್ದಕ್ಕೇ ಅಲ್ಲವೇ ನಾನು ಬಾಯಿಗೆ ಕೆಲಸ ಕೊಟ್ಟದ್ದು? "ಇನ್ಮೇಲೆ ರೈಟೂ ಬೇಡ, ಲೆಫ್ಟೂ ಬೇಡ. ಒಂದು ಹೊಡೆದ್ರೆ ನಿಲ್ಲಿಸ್ತೀನಿ, ಎರಡು ಹೊಡೆದ್ರೆ ಹೊರಡ್ತೀನಿ" ಅಂದಳು. ಆ ಕೆಸರಿನ ಸಿಟ್ಟಿಗೆ ಕಟ್ಟಿದ್ದಾಳೆ ಅಂದುಕೊಂಡು ನಕ್ಕೆ.

ನಾಳೆ ಆಸ್ಪತ್ರೆ ತಲುಪುತ್ತೇವೆ. ಹಿಂದಿನ ಬಯಲಿನಲ್ಲಿ ವ್ಯಾನ್ ನಿಲ್ಲಿಸಿಕೊಳ್ಳಲು ಬಿಡುತ್ತಾರಂತೆ. ಅತ್ತಿಗೆಗೆ ನಮಸ್ಕಾರ ತಿಳಿಸು. ಮೊಮ್ಮಗಳ ಕೆನ್ನೆಗೆ ನನ್ನ ಕಡೆಯಿಂದ ಒಂದು ಮುತ್ತು. ನಿನ್ನಷ್ಟು ಗಟ್ಟಿಮುಟ್ಟಾಗಿ, ಅತ್ತಿಗೆಯಷ್ಟು ಜಾಣೆಯಾಗಿ ಬೆಳೆಯಲಿ. ನಿನ್ನ ಮಂಡಿನೋವು ಈ ಚಳಿಗೆ ಹೆಚ್ಚಾಗದಿರಲಿ.

ನಿನ್ನ ಬೆನ್ನ ಹಿಂದಿನವ,
ಕಂಡಕ್ಟರ್

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ದನಿ ಉಳಿಯುವುದಿಲ್ಲ, ಸಾರಥಿ. ಗಂಟಲಲ್ಲಿ ಗಡ್ಡೆಯಿದೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಭಯವಿಲ್ಲ ಅಂತ ಡಾಕ್ಟರು ಹೇಳಿದಾಗ ಇವಳು ಔಷಧಿ ಅಂಗಡಿಯಲ್ಲಿದ್ದಳು. ಅಲ್ಲಿ ಹೋದ ಮೇಲೆ ಹೇಳಿದರಾಯಿತು ಅಂತ ಮುಚ್ಚಿಟ್ಟಿದ್ದೆ. ಈಗ ಗಂಟೆ ಬಾರಿಸಿ ನೋಡಲು ತಲೆ ಎತ್ತಿದೆ. ದಾರ ಹಾದುಹೋಗಿರುವುದು ಚಾವಣಿಯ ಕೊಕ್ಕೆಗಳಲ್ಲಿ. ವ್ಯಾನ್ ಸಿದ್ಧವಾದ ದಿನದಿಂದ ಅವು ಅಲ್ಲೇ ಇವೆ, ಬಟ್ಟೆ ಒಣಗಿಸಲು ಅಂದುಕೊಂಡಿದ್ದೆ. ಮಂಚದವರೆಗೂ ಒಂದು ಸಾಲಿದೆ, ಮಲಗಿದಲ್ಲಿಂದಲೇ ಗಂಟೆ ಎಳೆಯುವ ಹಾಗೆ. "ಇವನ್ನ ಯಾಕೆ ಹೊಡೆಸಿದ್ದೆ?" ಅಂತ ಕೇಳಿದೆ. ಆಲೂಗಡ್ಡೆ ಸುಲಿಯುತ್ತಲೇ "ನೀವಾಗೇ ಹೇಳ್ತೀರೇನೋ ಅಂತ ಕಾಯ್ತಿದ್ದೆ" ಅಂದಳು.

ಹದಿನೆಂಟಕ್ಕೆ ಆಪರೇಷನ್. ಹದಿನೇಳರ ಸಂಜೆ ಫೋನ್ ಮಾಡು, ಎತ್ತುತ್ತೇನೆ. ನೀನು ಮಾತಾಡಬೇಡ, ಅತ್ತುಬಿಡುತ್ತೀಯ. ಒಂದು ಸಲ "ರೈಟ್ ರೈಟ್" ಅನ್ನುತ್ತೇನೆ, ಕೇಳಿಸಿಕೊಂಡು ಇಟ್ಟುಬಿಡು. ಆಮೇಲೆ ಯಾವತ್ತಾದರೂ ಫೋನಿನಲ್ಲಿ ಮಾತೇ ಇಲ್ಲದೆ ಎರಡು ಸಲ ಗಂಟೆ ಕೇಳಿಸಿದರೆ, ರಾಂಗ್ ನಂಬರ್ ಅಂತ ಇಡಬೇಡ. ಅದು ನಾನೇ. ಗಾಡಿ ಹೊರಟಿದೆ ಅಂತ ಅರ್ಥ.