ಕರೆಗಂಟೆಯ ಪಕ್ಕದ ಚೀಟಿ

ಸೆಪ್ಟೆಂಬರ್ 8, ಸೋಮವಾರ

ಇವತ್ತು ಐದು ಪಾರ್ಸೆಲ್. ಒಂದೂ ನನ್ನದಲ್ಲ. ಈ ಕಟ್ಟಡದಲ್ಲಿ ಹಗಲು ಹೊತ್ತು ಮನೆಯಲ್ಲಿರುವವಳು ನಾನು ಎಂದು ಬರ್ಲಿನ್ನಿನ ಪಾರ್ಸೆಲ್‌ನವರಿಗೆಲ್ಲ ಗೊತ್ತಾಗಿಬಿಟ್ಟಿದೆ. ಯಾರದೇ ಇರಲಿ, ‘ಲ್ಯೂಡರ್ಸ್’ ಎಂದು ನನ್ನ ಮನೆತನದ ಹೆಸರಿರುವ ಗುಂಡಿ ಒತ್ತು, ಬಾಗಿಲು ತೆರೆಯುತ್ತದೆ.

ನಾಲ್ಕನೆಯದು ಬಂದಾಗ ಮೀಟಿಂಗ್ ನಡೆಯುತ್ತಿತ್ತು. ಎದ್ದು ಹೋದೆ. ಪರದೆಯಲ್ಲಿ ಸಬೀನೆ ನಕ್ಕಳು. ನಮ್ಮ ಮ್ಯಾನೇಜರ್, ಕಲೋನ್‌ನಲ್ಲಿರುತ್ತಾಳೆ. ಐದು ವರ್ಷದಲ್ಲಿ ಎರಡು ಸಲ ಮುಖಾಮುಖಿ ನೋಡಿದ್ದೇನೆ. ಎಷ್ಟು ಎತ್ತರ ಎಂಬುದು ಮರೆತಿದೆ.

ಕೆಲಸ ಅದೇ. ಪ್ರವಾಸ ವಿಮೆ. ಸೂಟ್‌ಕೇಸ್ ಕಳೆದುಕೊಂಡವರಿಗೆ ದಿನವಿಡೀ ವಿಷಾದ ಸೂಚಿಸುವುದು. ನನಗೂ ಯಾರಾದರೂ ಸೂಚಿಸಬಾರದೇ.

ಐದನೆಯ ಪಾರ್ಸೆಲ್ ನೆಲಮಹಡಿಯ ಅಜ್ಜಿ ಫ್ರೌ ಗ್ರಾಬೋ ಅವರದು. ಎಂಬತ್ತೊಂದು ವರ್ಷ, ಮಂಡಿ ಕೈಕೊಟ್ಟಿದೆ; ಅವರು ಬಾಗಿಲಿಗೆ ಬರುವಷ್ಟರಲ್ಲಿ ಪಾರ್ಸೆಲ್‌ನವನು ಮೂರನೆಯ ಮಹಡಿಗೆ, ನನ್ನಲ್ಲಿಗೆ, ಬಂದಿರುತ್ತಾನೆ. ಲಿಫ್ಟ್ ಇಲ್ಲ. ಬೆಕ್ಕಿನ ಆಹಾರ, ಹತ್ತು ಕಿಲೋ. ಇಳಿಸಿ ಕೊಟ್ಟೆ. ಥ್ಯಾಂಕ್ಸ್ ಇಲ್ಲ, ಏನಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಹಿಟ್ಟಿನ ಡಬ್ಬದಿಂದ ಎದ್ದು ಬಂದ ಹಾಗಿದೀರಲ್ಲ. ಕೊನೇ ಸಲ ಬಿಸಿಲು ನೋಡಿದ್ದು ಯಾವಾಗ?”

ಟ್ರಾಮ್ ಓಡಿಸುತ್ತಿದ್ದವರು. ಮೂವತ್ತು ವರ್ಷ ಪ್ರಯಾಣಿಕರನ್ನು ಬೈದ ಬಾಯಿ.

ಸೆಪ್ಟೆಂಬರ್ 11, ಗುರುವಾರ

ಮನೆ ಮಾಲೀಕರ ಕಾಗದ. ಕರಾರು ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ಮುಂದುವರಿಸಬೇಕಾದರೆ ಡಿಸೆಂಬರಿನಲ್ಲಿ ನಾನು ಕೆಲಸದಲ್ಲಿರುವೆನೆಂದು ತೋರಿಸಬೇಕು. ತೋರಿಸಿದರಾಯಿತು. ಈ ಊರಿನಲ್ಲಿ ಇನ್ನೊಂದು ಮನೆ ಹುಡುಕುವ ಶಕ್ತಿ ನನಗಿಲ್ಲ. ಒಂದು ಮನೆ ನೋಡಲು ಇನ್ನೂರು ಜನರ ಸಾಲು... ಕಳೆದ ಸಲ ಹನ್ನೊಂದು ತಿಂಗಳು ಹುಡುಕಿದ್ದೆ.

ಸೆಪ್ಟೆಂಬರ್ 26, ಶುಕ್ರವಾರ

ಎರಡು ವಾರ ಏನೂ ಬರೆದಿಲ್ಲ. ಬರೆಯುವುದಕ್ಕೇನಿತ್ತು.

ಇವತ್ತು ಇದೆ. ಮಧ್ಯಾಹ್ನ ಟೋರ್ಬೆನ್ ಫೋನ್ ಮಾಡಿದ. ಹ್ಯಾಂಬರ್ಗ್‌ನಲ್ಲಿ ತನ್ನ ಅಡುಗೆಮನೆಯಲ್ಲಿ ಕುಳಿತು ನನ್ನದೇ ಕೆಲಸ ಮಾಡುವವನು. ಅವನನ್ನು ತೆಗೆದರಂತೆ. ಬೆಳಿಗ್ಗೆ ಕಾಗದ ಹಿಡಿದು ಒಬ್ಬ ಆಳೇ ಬಂದಿದ್ದನಂತೆ. ಪಟ್ಟಿಯಲ್ಲಿ ಏಳು ಜನ, ನಾನೂ ಒಬ್ಬಳು.

“ಇಮ್ಕೆ, ಮೇಲ್ ಕಳಿಸಿದ್ರೆ ಲೆಕ್ಕಕ್ಕಿಲ್ಲ. ಸಹಿ ಹಾಕಿದ ಕಾಗದ ನಿನ್ನ ಕೈಗೆ ಬರ್ಬೇಕು, ಇಲ್ಲ ನಿನ್ನ ಅಂಚೆಡಬ್ಬಕ್ಕೆ ಬೀಳ್ಬೇಕು. ನಮಗೆ ಎರಡು ತಿಂಗಳ ನೋಟಿಸ್. ಈ ಮೂವತ್ತನೇ ತಾರೀಕೊಳಗೆ ಬಂದ್ರೆ ನವೆಂಬರ್ ಕೊನೆಗೆ ಮುಗೀತು. ಒಂದನೇ ತಾರೀಕು ಬಂತೋ, ಡಿಸೆಂಬರ್ ಕೊನೇವರೆಗೂ ನೀನು ಕೆಲಸದಲ್ಲೇ.”

ಒಂದು ದಿನ. ಒಂದು ದಿನದ ಮೇಲೆ ಮನೆ ನಿಂತಿದೆ.

ಸೋಮವಾರದ ಮೀಟಿಂಗ್‌ಗೆ ಸಬೀನೆ ನಗುವ ಮುಖದ ಇಮೋಜಿ ಹಚ್ಚಿ ಆಹ್ವಾನ ಕಳಿಸಿದ್ದಾಳೆ. ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಸೆಪ್ಟೆಂಬರ್ 29, ಸೋಮವಾರ. ಸಂಜೆ

ಇವತ್ತು ಬರಲಿಲ್ಲ. ಕರೆಗಂಟೆ ಮೂರು ಸಲ ಸದ್ದು ಮಾಡಿತು. ಮೂರೂ ಪಾರ್ಸೆಲ್‌ಗಳೇ.

ನಾಳೆ ಒಂದೇ ದಿನ. ಮಾಡಿಯೇಬಿಟ್ಟೆ. ನಮ್ಮ ಕಟ್ಟಡಗಳಲ್ಲಿ ಮನೆಗೆ ನಂಬರಿಲ್ಲ, ಹೆಸರಷ್ಟೇ. ಹೆಸರಿಲ್ಲದಿದ್ದರೆ ಆ ಮನೆಯೇ ಇಲ್ಲ. ಕೆಳಗಿಳಿದು ಕರೆಗಂಟೆಯ ಪಕ್ಕದ ಚೀಟಿ ಕಿತ್ತೆ. ಅಂಚೆಡಬ್ಬದ ಮೇಲಿನದನ್ನೂ, ಬಾಗಿಲಿನದನ್ನೂ. ಉಗುರು ನೋಯುತ್ತಿದೆ. ನಲವತ್ತಾರು ವರ್ಷದ ಹೆಂಗಸು ಕಳ್ಳಿಯ ಹಾಗೆ ಮೆಟ್ಟಿಲು ಹತ್ತಿ ಬಂದೆ. ನಾಚಿಕೆಯಾಯಿತು. ಆದರೂ ಸರಿ.

ಸೆಪ್ಟೆಂಬರ್ 30, ಮಂಗಳವಾರ. ಸಂಜೆ 5

ಇಡೀ ದಿನ ಗಂಟೆ ಸದ್ದು ಮಾಡಲಿಲ್ಲ. ಪಾರ್ಸೆಲ್‌ನವರೂ ಒತ್ತಲಿಲ್ಲ, ತಿಂಗಳಿಗೊಬ್ಬ ಹೊಸಬ, ಹೆಸರು ನೋಡಿಯೇ ಒತ್ತುವವರು. ಮೂರು ವರ್ಷದಿಂದ ಬೇಡಿಕೊಂಡಿದ್ದ ನಿಶ್ಶಬ್ದ ಇದೇ. ಸಿಕ್ಕಿತು. ಯಾಕೋ ಅಳು ಬಂತು. ಇವತ್ತು ನಾನು ಸತ್ತು ಬಿದ್ದಿದ್ದರೂ ಸಂಜೆಯ ಮೀಟಿಂಗ್‌ವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಹನ್ನೊಂದರ ಸುಮಾರಿಗೆ ಕೆಳಗೆ ಮಾತು ಕೇಳಿಸಿತ್ತು. ಗಂಡಸಿನ ದನಿ. ಸ್ವಲ್ಪ ಹೊತ್ತಿಗೆ ಬೀದಿಬಾಗಿಲು ಮುಚ್ಚಿತು. ಈಗ ಇಳಿದು ಅಂಚೆಡಬ್ಬ ನೋಡಿ ಬಂದೆ. ಖಾಲಿ. ಗೆದ್ದೆ ಅನ್ನಿಸುತ್ತದೆ. ಮನೆ ಉಳಿಯಿತು.

ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ. ಬಹಳ ನಿಧಾನವಾಗಿ.

ಅದೇ ದಿನ, 6.30

ಫ್ರೌ ಗ್ರಾಬೋ. ಬಾಗಿಲ ಹೊರಗೆ, ಕೋಲೂರಿ, ಏದುಸಿರು ಬಿಡುತ್ತ. ಮೂರು ಮಹಡಿ ಹತ್ತಿ ಬಂದಿದ್ದಾರೆ. ಈ ಮೂರು ವರ್ಷದಲ್ಲಿ ಮೊದಲ ಸಲ. ಕೈಯಲ್ಲಿ ಬಿಳಿ ಲಕೋಟೆ, ಮೂಲೆಯಲ್ಲಿ ನಮ್ಮ ಕಂಪನಿಯ ಮುದ್ರೆ.

ಮುಖದಲ್ಲಿ ಎಂದೂ ಕಾಣದ ಸಂತೋಷ. ಬೆಳಿಗ್ಗೆ ಯಾರೋ ಲ್ಯೂಡರ್ಸ್ ಹೆಸರು ಹುಡುಕುತ್ತ ಅಷ್ಟು ಹೊತ್ತು ನಿಂತಿದ್ದನಂತೆ, ಹಾಗಾಗಿ ತಾವು ಬಾಗಿಲಿಗೆ ಬರುವುದಕ್ಕೆ ಸಮಯ ಸಿಕ್ಕಿತಂತೆ. ಸಹಿ ಹಾಕಿ ಇಟ್ಟುಕೊಂಡರಂತೆ.

“ಇಷ್ಟು ವರ್ಷ ನೀವು ನನ್ನದು ತಗೊಂಡ್ರಿ. ಇವತ್ತು ನಿಮ್ಮದು ನಾನು ತಗೊಂಡೆ. ಮತ್ತೆ, ನಿಮ್ಮ ಹೆಸರಿನ ಚೀಟಿ ಬಿದ್ದುಹೋಗಿತ್ತು. ಈಗ ಬರುವಾಗ ಹೊಸದು ಬರೆದು ಅಂಟಿಸಿದೀನಿ.”

ನಾನು ಕೈ ಚಾಚಲಿಲ್ಲ. ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಆಮೇಲೆ ಎಲ್ಲ ಹೇಳಿಬಿಟ್ಟೆ. ಟೋರ್ಬೆನ್, ಮನೆಯ ಕರಾರು, ಚೀಟಿ ಕಿತ್ತದ್ದು ನಾನೇ ಎಂಬುದು. ಹೇಳುತ್ತ ಅತ್ತೆ. ಮನುಷ್ಯರೊಬ್ಬರ ಎದುರು ಕುಳಿತು ಇಷ್ಟು ಮಾತಾಡಿ ಎಷ್ಟು ದಿನವಾಗಿತ್ತೋ.

ಅವರು ಲಕೋಟೆಯನ್ನು ತಿರುಗಿಸಿ ನೋಡಿದರು. ನೀರು ಪೂರ್ತಿ ಕುಡಿದರು. ಲಕೋಟೆಯನ್ನು ಸ್ವೆಟರ್‌ ಒಳಗೆ ಸೇರಿಸಿ ಎದ್ದರು.

“ನಾನಿವತ್ತು ಮೇಲೆ ಬಂದೇ ಇಲ್ಲ. ಈ ಮಂಡಿ ಇಟ್ಕೊಂಡು ಮೂರು ಮಹಡಿ ಹತ್ತಿದೆ ಅಂದ್ರೆ ಯಾವ ಕೋರ್ಟೂ ನಂಬೋಲ್ಲ. ನಾಳೆ ಬೆಳಿಗ್ಗೆ ತರ್ತೀನಿ.”

ನಾನೇ ಕೆಳಗೆ ಬಂದು ತೆಗೆದುಕೊಳ್ಳುತ್ತೇನೆಂದೆ. ಗದರಿದರು. ಪಾರ್ಸೆಲ್ ಇಸಿದುಕೊಂಡವರು ತಲುಪಿಸಬೇಕು, ಅಷ್ಟು ಮರ್ಯಾದೆ ತಮಗೂ ಇದೆ ಎಂದರು. ಇಳಿಯುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಕೋಲಿನ ಸದ್ದು ನಿಲ್ಲುವವರೆಗೆ ಬಾಗಿಲಲ್ಲೇ ನಿಂತಿದ್ದೆ.

ಅಕ್ಟೋಬರ್ 1, ಬುಧವಾರ. ಬೆಳಿಗ್ಗೆ 8.50

ಒಂಬತ್ತಕ್ಕೆ ಮೀಟಿಂಗ್. ಸಬೀನೆ ಈಗಾಗಲೇ ಪರದೆಯಲ್ಲಿ ಕಾಯುತ್ತಿದ್ದಾಳೆ.

ಕೆಳಗೆ ಕೋಲಿನ ಸದ್ದು ಶುರುವಾಗಿದೆ. ಒಂದು ಮೆಟ್ಟಿಲು, ನಿಲ್ಲುವುದು. ಇನ್ನೊಂದು, ನಿಲ್ಲುವುದು. ಕಾಫಿಗೆ ಇಟ್ಟಿದ್ದೇನೆ, ಎರಡು ಲೋಟ.

ಮೊದಲ ಮಹಡಿ. ಬಹಳ ಹೊತ್ತಾಯಿತು, ಅಲ್ಲೇ ನಿಂತಿದ್ದಾರೆ. ಸಬೀನೆ ಕಾಯಲಿ. ಗದರಿದರೆ ಗದರಲಿ, ಕುರ್ಚಿ ತೆಗೆದುಕೊಂಡು ನಾನೇ ಅರ್ಧ ದಾರಿ ಇಳಿಯುತ್ತೇನೆ.