ಕಾಗದದ ಮೇಲಿನ ಸೂರ್ಯನಾರಾಯಣ

೫ ಜನವರಿ ೧೯೫೮, ಭಾನುವಾರ. ಬೆಳಿಗ್ಗೆ ಹತ್ತು.

ಇವತ್ತೂ ಅದೇ ಕೆಲಸ. ತಾರಸಿ ಹತ್ತಿದೆ. ದುರ್ಬೀನನ್ನು ಮುರುಕು ಕುರ್ಚಿಗೆ ಕಟ್ಟಿದೆ. ಕೊಳವೆಗೆ ಹಳೆ ಕ್ಯಾಲೆಂಡರಿನ ರಟ್ಟು ತೊಡಿಸಿದೆ. ಅದರ ನೆರಳಲ್ಲಿ, ಕಣ್ಣಿಡುವ ತುದಿಗೆ ಎದುರಾಗಿ, ಆಫೀಸಿನ ಹಾಳೆ ಹಿಡಿದೆ. ಮೂರ್ ಮಾರ್ಕೆಟ್ಟಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಹಿತ್ತಾಳೆ ದುರ್ಬೀನು. ಹಡಗಿನ ಕ್ಯಾಪ್ಟನ್ ಒಬ್ಬ ಸತ್ತು ನನಗೆ ದಕ್ಕಿತೆಂದು ಅಂಗಡಿಯವನ ಪ್ರಮಾಣ.

ಗುರಿ ಇಡುವಾಗಲೂ ಮೇಲೆ ನೋಡುವ ಹಾಗಿಲ್ಲ. ಕೊಳವೆಯ ನೆರಳನ್ನು ನೋಡಿಕೊಂಡು ತಿರುಗಿಸಬೇಕು. ನೆರಳು ಕುಗ್ಗಿ ಕುಗ್ಗಿ ಬಳೆಯಷ್ಟಾದಾಗ ಸೂರ್ಯ ತಾನಾಗಿ ಕಾಗದದ ಮೇಲೆ ಬಂದು ಕೂರುತ್ತಾನೆ. ಪೂರಿಯಷ್ಟು ದುಂಡಗೆ. ಮೈಮೇಲೆ ಕಪ್ಪು ಚುಕ್ಕೆಗಳು. ಈ ವರ್ಷ ಚುಕ್ಕೆಗಳ ಸುಗ್ಗಿಯೆಂದು ಪೇಪರಿನಲ್ಲಿ ಬಂದಿತ್ತು. ಕಣ್ಣಿಗೆ ಅಪಾಯವಿಲ್ಲ. ಖರ್ಚೂ ಇಲ್ಲ. ಆದ್ದರಿಂದಲೇ ಇದಕ್ಕೆ ಮರ್ಯಾದೆ ಇಲ್ಲ.

ಮನೆ ಓನರ್ ಬದರಿನಾಥರಾಯರು ಹತ್ತಿ ಬಂದರು. ಕಣ್ಣಿಟ್ಟು ನೋಡಬೇಕಂತೆ. ಕೂಡದು ಎಂದೆ.

"ಎನ್ನ ಮಧ್ವರಾಜ್, ಏನಿದು, ದುರ್ಬೀನು ಅಂದ್ಮೇಲೆ ಕಣ್ಣಿಡೋದು. ನೀವು ಕಾಗದಕ್ಕೆ ತೋರಿಸ್ತಾ ಕೂತಿದ್ದೀರಿ. ಕಾಗದಕ್ಕೆ ಕಣ್ಣಿದೆಯಾ?"

ಮಾತು ದಂಡ. ಕಾಫಿಪುಡಿ ಪೊಟ್ಟಣದ ಚೂರೊಂದನ್ನು ಕಣ್ಣಿಡುವ ಜಾಗಕ್ಕೆ ಹಿಡಿದೆ. ಹೊಗೆ ಬಂತು... ತೂತು ಬಿತ್ತು. ಇಲ್ಲಿ ತಮ್ಮ ಕಣ್ಣಿದ್ದಿದ್ದರೆ, ಎಂದು ವಿನಯದಿಂದ ಕೇಳಿದೆ. ರಾಯರು ಬಹಳ ಹೊತ್ತು ಯೋಚಿಸಿದರು. ಕೊನೆಗೆ, ಇಂಥ ಬೆಂಕಿ ಸಾಮಾನು ತಮ್ಮ ಮೊಟ್ಟೆಮಾಡಿಯಲ್ಲಿ, ಅಂದರೆ ಈ ತಾರಸಿಯಲ್ಲಿ, ಇಡಕೂಡದು ಎಂದು ಅಪ್ಪಣೆ ಮಾಡಿ ಇಳಿದುಹೋದರು. ವಿಜ್ಞಾನದ ಗತಿ ಮೈಲಾಪುರದಲ್ಲಿ ಇಷ್ಟು.

೯ ಜನವರಿ, ಗುರುವಾರ.

ಅರ್ಧ ದಿನ ರಜ. ಗೋದತ್ತೆಯನ್ನು ಎಗ್ಮೋರಿನ ಕಣ್ಣಾಸ್ಪತ್ರೆಗೆ ಕರೆದೊಯ್ದಿದ್ದೆ. ಅಪ್ಪನ ಅಕ್ಕ, ನನ್ನನ್ನು ಸಾಕಿ ಬೆಳೆಸಿದವಳು. ಎಡಗಣ್ಣಿನಲ್ಲಿ ನಡುವೆ ಏನೋ ಕಪ್ಪಗೆ ಅಡ್ಡ ಬರುತ್ತದೆ ಎಂದು ಈಚೆಗೆ ಗೊಣಗುತ್ತಿದ್ದಳು.

ಡಾಕ್ಟರು ದೀಪ ಹಿಡಿದು ನೋಡಿ, ಗ್ರಹಣ ನೋಡಿದ್ದಿರಾ ಎಂದು ಕೇಳಿದರು. ಗ್ರಹಣ ಯಾಕೆ, ದಿನಾ ನೋಡ್ತೀನಿ, ಎಂದು ಅತ್ತೆ ಹೆಮ್ಮೆಯಿಂದ ಹೇಳಿದಳು. ಹೌದು. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ತಾರಸಿಯಲ್ಲಿ ನಿಂತು, ಎರಡೂ ಕಣ್ಣು ಅಗಲಿಸಿ, ಸೂರ್ಯನಿಗೆ ಚೆಂಬಿನಿಂದ ನೀರು ಬಿಡುತ್ತಾಳೆ. ನಲವತ್ತು ವರ್ಷದಿಂದ. ಅವನ ಮುಖ ಕಾಣದೆ ಊಟವಿಲ್ಲ. ಮೋಡ ಕವಿದ ದಿನ ಉಪವಾಸ.

ಎಡಗಣ್ಣಿನ ನಡುಭಾಗ ಸುಟ್ಟಿದೆಯಂತೆ. ಅದು ಹೋದದ್ದು ಹೋಯಿತು. ಬಲಗಣ್ಣನ್ನು ಉಳಿಸಿಕೊಳ್ಳಬೇಕಾದರೆ ಇನ್ನು ಒಂದು ದಿನವೂ ಸೂರ್ಯನನ್ನು ನೋಡಬಾರದು.

ಬಸ್ಸಿನಲ್ಲಿ ಅತ್ತೆ ಹೇಳಿದ್ದು ಒಂದೇ ಮಾತು—ಆ ಡಾಕ್ಟರ್ ಹುಡುಗನಿಗೆ ಇನ್ನೂ ಮೀಸೆಯೇ ಸರಿಯಾಗಿ ಬಂದಿಲ್ಲ.

೧೦ ಜನವರಿ.

ಎದ್ದು ನೋಡಿದರೆ ಅತ್ತೆ ತಾರಸಿಯಲ್ಲಿ. ಕಣ್ಣು ಅಗಲಿಸಿಕೊಂಡು. ಮೈಯೆಲ್ಲ ಉರಿಯಿತು. ಕೊನೇಪಕ್ಷ ಕಣ್ಣು ಮುಚ್ಚಿಕೊಂಡು ನೀರು ಬಿಡು ಎಂದೆ.

"ಮುಚ್ಚಿಕೊಂಡು ಬಿಟ್ರೆ ಯಾರಿಗೆ ಬಿಟ್ಟ ಹಾಗೆ ಆಯ್ತೋ? ಮೋರಿಗೆ."

ಕಾಗದದ ಸೂರ್ಯನನ್ನು ತೋರಿಸಿದೆ. ಇವನೂ ಅವನೇ, ಇವನಿಗೆ ಬಿಡು. ಬಗ್ಗಿ ನೋಡಿದಳು. ಹಾಳೆಯ ಹಿಂದಿನ ಇಂಗ್ಲಿಷ್ ಟೈಪನ್ನು ನೋಡಿದಳು. ಆಮೇಲೆ ಚುಕ್ಕೆಗಳನ್ನು. ಮುಖ ಕಪ್ಪಿಟ್ಟಿತು. ಈ ಗಾಜು ತೊಳೆದು ಎಷ್ಟು ದಿನವಾಯ್ತು ಎಂದು ಕೇಳಿದಳು.

೧೨ ಜನವರಿ, ಭಾನುವಾರ.

ಮೊನ್ನೆ ಗಾಜು ತೊಳೆಯುವ ಮಾತು ಬಂದಾಗಲೇ ನನಗೆ ಎಚ್ಚರವಾಗಬೇಕಿತ್ತು. ನಾನು ಕ್ಷೌರಕ್ಕೆ ಹೋಗಿದ್ದಾಗ ಅತ್ತೆ ದುರ್ಬೀನನ್ನು ಬಚ್ಚಲಿಗೆ ಒಯ್ದು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ದಾಳೆ. ಹೊರಗೆ, ಮುಂದೆ, ಹಿಂದೆ. ಹಿತ್ತಾಳೆ ಮದುವೆಮನೆಯ ದೀಪದ ಕಂಬದಂತೆ ಹೊಳೆಯುತ್ತಿದೆ. ಮುಂದಿನ ಗಾಜಿನ ತುಂಬ ಗೀರು. ಸಮುದ್ರದ ಉಪ್ಪು ಮಾಡದ್ದನ್ನು ನಮ್ಮ ಬಚ್ಚಲು ಮಾಡಿತು.

"ದೇವರ ಮುಖಕ್ಕೆ ಕಲೆ ಅಂಟಿಸಿ ಊರಿಗೆಲ್ಲ ತೋರಿಸ್ತಾ ಇದ್ದೆ. ತೊಳೆದೆ. ತಪ್ಪಾ?"

ನನ್ನ ಹೆಂಡತಿ ಸುಮತಿ ಒಳಗೆ ಹೋಗಿ ನಕ್ಕಳು. ಗೋಡೆಯಾಚೆಯಿಂದಲೂ ಕೇಳಿಸುತ್ತದೆ ಎಂಬುದು ಅವಳಿಗೆ ಗೊತ್ತು.

ಅದೇ ದಿನ, ಮಧ್ಯಾಹ್ನ.

ರೋಷದಿಂದಲೇ ಮತ್ತೆ ಕಟ್ಟಿದೆ. ಸೂರ್ಯ ಮಜ್ಜಿಗೆಯೊಳಗಿಂದ ಎದ್ದು ಬಂದ ಹಾಗೆ ಮಸಕು. ಚುಕ್ಕೆಗಳು ಇದ್ದಲ್ಲೇ ಇವೆ. ಜೊತೆಗೆ ಹೊಸದೊಂದು ಕರಿ ಗೆರೆ. ಸರಿಯಾಗಿ ಉಜ್ಜಿಲ್ಲ, ಕೊಡಿಲ್ಲಿ, ಎಂದು ಅತ್ತೆ ಕೈಚಾಚಿದಳು. ಕೊಳವೆಯನ್ನು ಇದ್ದಲ್ಲೇ ತಿರುಗಿಸಿ ನೋಡು ಎಂದೆ. ಕೊಳೆ ಗಾಜಿನದಾದರೆ ಗಾಜಿನ ಜೊತೆ ತಿರುಗುತ್ತದೆ. ಸೂರ್ಯನದಾದರೆ ತಿರುಗುವುದಿಲ್ಲ.

ತಾನೇ ತಿರುಗಿಸಿದಳು, ಬೀಸುವ ಕಲ್ಲಿನ ಹಾಗೆ. ಕರಿ ಗೆರೆ ಗರಗರ ಸುತ್ತಿತು. ಕಣ್ಣಿಡುವ ಕಡೆಯ ಗಾಜಿಗೆ ಅಂಟಿದ್ದ ಹುಣಸೆ ನಾರು. ಚುಕ್ಕೆಗಳು ಮಾತ್ರ ಅಲ್ಲಾಡಲಿಲ್ಲ. ಮೂರು ಸಲ ತಿರುಗಿಸಿದಳು. ಗೆದ್ದೆ ಎಂದುಕೊಂಡೆ.

"ನೋಡಿದ್ಯಾ ಮಧ್ವಾ. ನನಗೆ ಕಾಣೋ ಕಪ್ಪು ಅವನದೇ. ನನ್ನ ಕಣ್ಣು ಚೆನ್ನಾಗೇ ಇದೆ. ಆ ಹುಡುಗನಿಗೆ ಹೋಗಿ ಹೇಳು."

೧೫ ಜನವರಿ.

ಸಂಕ್ರಾಂತಿ ಮುಗಿಯಿತು. ಅತ್ತೆ ಈಗ ಮೊದಲಿಗಿಂತ ಹೆಚ್ಚು ಹೊತ್ತು ನೋಡುತ್ತಾಳೆ, ಶಾಸ್ತ್ರೋಕ್ತವಾಗಿ, ನನ್ನದೇ ಪ್ರಯೋಗದ ಬಲದಿಂದ. ಡಾಕ್ಟರ ಮಾತು ಸುಳ್ಳೆಂದು ದುರ್ಬೀನಿನಲ್ಲೇ ರುಜುವಾತಾಯಿತಂತೆ ಎಂದು ಬದರಿನಾಥರಾಯರು ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ. ಕಾಗದಕ್ಕೆ ಕಣ್ಣಿಲ್ಲವೆಂದವರೇ! ಇವರೆಲ್ಲ ಸೇರಿ ನನ್ನ ಅತ್ತೆಯನ್ನು ಕುರುಡಿ ಮಾಡುತ್ತಾರೆ, ನಾನೇ ಸಲಕರಣೆ ಒದಗಿಸಿದ್ದೇನೆ.

ಚೆಂಬು ಬಚ್ಚಿಟ್ಟೆ. ಲೋಟದಲ್ಲಿ ಬಿಟ್ಟಳು.

೧೮ ಜನವರಿ, ಶನಿವಾರ. ಸಂಜೆ.

ಸುಮತಿ ಹೇಳಿದ್ದು. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳಂತೆ. ಬಲಗಣ್ಣಿಗೆ ಧೂಳು ಬಿತ್ತೆಂದು ಸೆರಗು ಒತ್ತಿಕೊಂಡು, ಎಡಗಣ್ಣಿನಲ್ಲೇ ಆರಿಸಿದ್ದಾಳೆ. ಅಕ್ಕಿಯ ನಡುವೆ ಕರೀ ಕಲ್ಲು ಕಂಡಿದೆ. ಹೆಕ್ಕಲು ಹೋದರೆ ಬರೀ ಅಕ್ಕಿ. ಮತ್ತೆ ಹೆಕ್ಕಿದ್ದಾಳೆ, ಮತ್ತೆ ಅಕ್ಕಿ. ಆಮೇಲೆ ಮೊರವನ್ನು ಮೆಲ್ಲಗೆ ತಿರುಗಿಸಿದ್ದಾಳೆ. ಅಕ್ಕಿ ತಿರುಗಿತು. ಕಲ್ಲು ತಿರುಗಲಿಲ್ಲ. ಗೋಡೆ ನೋಡಿದಳು, ಗೋಡೆಯ ಮೇಲೂ ಇತ್ತು. ಸುಮತಿಯನ್ನು ನೋಡಿದಳು. ಮೂಗಿದ್ದ ಜಾಗದಲ್ಲಿ ಅದೇ.

ನಾನು ಬಂದಾಗ ಮೊರ ತೊಡೆಯ ಮೇಲೆ ಹಾಗೇ ಇತ್ತು. ದೀಪ ಹಚ್ಚಿರಲಿಲ್ಲ.

"ಇದು ಅವನದಲ್ಲ ಕಣೋ," ಎಂದಳು. "ನನ್ನ ಕಣ್ಣಿನ ಹುಣಸೆ ನಾರು."

ನಾನು ಹೇಳಿದ್ದೇ ಸರಿಯಾಯಿತು. ಸರಿಯಾದದ್ದಕ್ಕೆ ಇಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

೨೩ ಜನವರಿ.

ಅತ್ತೆ ತಾರಸಿ ಹತ್ತುತ್ತಿಲ್ಲ. ಚೆಂಬು ತಂದು ಎದುರಿಗಿಟ್ಟೆ, ಬೋರಲು ಹಾಕಿದಳು. ಅವನ ಮುಖ ಕಾಣದೆ ಊಟವಿಲ್ಲ. ನೋಡುವ ಹಾಗೂ ಇಲ್ಲ. ಭಾನುವಾರದಿಂದ ಮಜ್ಜಿಗೆ, ಒಂದು ಬಾಳೆಹಣ್ಣು, ಅಷ್ಟೇ. ಕೇಳಿದರೆ ಹಸಿವಿಲ್ಲವಂತೆ. ಇದಕ್ಕಿಂತ ಅವಳು ಬೈಯುತ್ತಿದ್ದದ್ದು ವಾಸಿ. ಏನಾದರೂ ಮಾಡಿ, ಇಲ್ಲದಿದ್ದರೆ ನಾನೂ ಊಟ ಬಿಡುತ್ತೇನೆ ಎಂದು ಸುಮತಿ ನೋಟಿಸು ಕೊಟ್ಟಿದ್ದಾಳೆ. ಅಂದರೆ ನನಗೂ ಅಡಿಗೆಯಿಲ್ಲ. ನ್ಯಾಯ ಎಲ್ಲಿದೆ?

ಕಾಗದದ ಮಾತು ಮತ್ತೆ ತೆಗೆದೆ. ಈ ಸಲ ಬೈಯಲಿಲ್ಲ. ಷರತ್ತುಗಳು ಬಂದವು. ಆಫೀಸಿನ ಹಾಳೆ ಕೂಡದು, ಮಡಿಯಲ್ಲಿ ಒಣಗಿಸಿದ ಬಿಳಿ ಪಂಚೆಯಾಗಬೇಕು. ದುರ್ಬೀನು ಮುಟ್ಟುವವನು ಸ್ನಾನ ಮಾಡಿ ಒದ್ದೆಬಟ್ಟೆಯಲ್ಲಿರಬೇಕು. ದುರ್ಬೀನಿಗೂ ಸ್ನಾನ. ಕೊನೆಯದಕ್ಕೆ ಹೋರಾಡಿದೆ. ತುಳಸಿ ನೀರಿನ ಪ್ರೋಕ್ಷಣೆಗೆ ರಾಜಿಯಾಯಿತು.

೨೬ ಜನವರಿ, ಭಾನುವಾರ. ರಥಸಪ್ತಮಿ.

ಬೆಳಗಾಗುವ ಮೊದಲೇ ಎಬ್ಬಿಸಿದರು. ತಲೆಯ ಮೇಲೆ ಎಕ್ಕದ ಎಲೆ ಇಟ್ಟು ತಣ್ಣೀರು ಸುರಿದರು. ಒದ್ದೆ ಪಂಚೆಯಲ್ಲಿ ಗಡಗಡ ನಡುಗುತ್ತ ದುರ್ಬೀನು ಹಿಡಿದು ನಿಂತೆ. ಗಣರಾಜ್ಯದ ಪ್ರಜೆ, ಇಂಥ ದಿನ, ಇಂಥ ಸ್ಥಿತಿಯಲ್ಲಿ. ಸುಮತಿ ಒಣಗಿದ ಬಿಳಿ ಪಂಚೆಯನ್ನು ಎರಡು ತುದಿ ಹಿಡಿದು ಪರದೆಯ ಹಾಗೆ ಎಳೆದಳು.

ಬದರಿನಾಥರಾಯರೂ ಮಡಿಯುಟ್ಟು ಹಾಜರು. ಸೂರ್ಯನ ಹಬ್ಬ, ಇವತ್ತಾದರೂ ಕಣ್ಣಿಡುತ್ತೇನೆ, ಮನೆ ನನ್ನದು, ಎಂದು ಕೊಳವೆಯ ಕಡೆ ಬಗ್ಗಿಯೇ ಬಿಟ್ಟರು. ನನ್ನ ಎರಡು ಕೈಯೂ ದುರ್ಬೀನಿನ ಮೇಲೆ. ಅತ್ತೆ ಚೆಂಬು ಹಿಡಿದ ಕೈಯನ್ನೇ ಅಡ್ಡ ಹಾಕಿದಳು.

"ಬದರೀ, ಬೇಡ. ನಾನು ಇಟ್ಟು ನೋಡಿದ್ದಾಯ್ತು. ನಲವತ್ತು ವರ್ಷ."

ರಾಯರು ಅವಳ ಎಡಗಣ್ಣನ್ನು ನೋಡಿದರು. ತೆಪ್ಪಗೆ ಹಿಂದೆ ಸರಿದು ಪಂಚೆಯ ಮುಂದೆ ನಿಂತರು.

ನೆರಳು ಕುಗ್ಗಿತು. ಸೂರ್ಯ ಬಂದು ಮಡಿ ಪಂಚೆಯ ಮೇಲೆ ಕೂತ, ಕೆಂಪಗೆ, ಮಸಕಾಗಿ, ಚುಕ್ಕೆಗಳ ಸಮೇತ. ಅತ್ತೆ ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ಅವನನ್ನು ಕಣ್ಣಲ್ಲಿ ನೀರಿಲ್ಲದೆ ನೋಡಿದ್ದು ಇದೇ ಮೊದಲಂತೆ. ನೀರು ಬಿಟ್ಟಳು. ಬಟ್ಟೆ ತೊಯ್ದು ಸುಮತಿಯ ಕಾಲಮೇಲೆ ಸುರಿಯಿತು. ಸೂರ್ಯ ನೆನೆಯಲಿಲ್ಲ.

ಕೆಳಗಿಳಿದು ಅನ್ನ ಕೇಳಿದಳು. ಎರಡು ಸಲ ಬಡಿಸಿಕೊಂಡಳು.

೨೭ ಜನವರಿ, ಸೋಮವಾರ. ಬೆಳಿಗ್ಗೆ ಏಳೂವರೆ.

ಒಂದು ದಿನದ ಮಾತೆಂದು ಒಪ್ಪಿದ್ದೆ. ಖಾಯಂ ಆಗಿದೆಯಂತೆ. ಕ್ಯಾಷುವಲ್ ಲೀವ್ ಇಲ್ಲ, ಭಾನುವಾರ ಇಲ್ಲ, ನೆಗಡಿಯಾದರೂ ತಣ್ಣೀರು. ಖಗೋಳಶಾಸ್ತ್ರಿಯಾಗಲು ಹೊರಟವನನ್ನು ಅರ್ಚಕನನ್ನಾಗಿ ಮಾಡಿಕೊಂಡಿದ್ದಾರೆ, ದಕ್ಷಿಣೆಯೂ ಇಲ್ಲದೆ. ಇವತ್ತು ಮೋಡ ಬೇರೆ. ಅತ್ತೆ ತಾರಸಿಯಲ್ಲಿ ದುರ್ಬೀನಿನ ಪಕ್ಕದಲ್ಲೇ ಕೂತಿದ್ದಾಳೆ, ತಲೆ ಬಗ್ಗಿಸಿಕೊಂಡು, ನೆಲದ ಮೇಲೆ ನೆರಳು ಮೂಡುವುದನ್ನೇ ಕಾಯುತ್ತ. ಮೇಲೆ ಒಂದು ಸಲವೂ ನೋಡಿಲ್ಲ. ನಾನು ಕೆಳಗೆ ಬಂದು ಒದ್ದೆಬಟ್ಟೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಆಫೀಸಿನ ಬಸ್ಸು ಹೋಯಿತು. ಹೀಗೇ ಆದರೆ ಕೆಲಸವೂ ಹೋಗುತ್ತದೆ. ಇವತ್ತು ಖಂಡಿತವಾಗಿ ಹೇಳಿಬಿಡುತ್ತೇನೆ. ಅತ್ತೇ, ನಾಳೆಯಿಂದ ನನ್ನ ಕೈಲಿ ಆಗುವುದಿಲ್ಲ, ನಾನೂ ಮನುಷ್ಯ, ನನಗೂ—

ಮೇಲಿಂದ ಕೂಗು. ನೆರಳು ಬಂತಂತೆ. ತಾನೇ ತಿರುಗಿಸುತ್ತಿದ್ದಾಳಂತೆ, ಇನ್ನೂ ಉದ್ದ ಇದೆ, ಬೇಗ ಬಾರೋ ಅಂತ—