ಸೇತುವೆಯ ಮೇಲೆ ನಿನ್ನ ಇನ್ನೊಬ್ಬ ಮಗಳು

ಅಪ್ಪಾ,

ಇವತ್ತು ನಾನು ಬುಡಾಪೆಸ್ಟ್ ಸುತ್ತಿಸಿದ ಪ್ರವಾಸಿಗರ ಗುಂಪಿನಲ್ಲಿ ಎಮೆಶೆ ಎಂಬ ಕೆನಡಾದ ಹುಡುಗಿಯಿದ್ದಳು. ಡ್ಯಾನ್ಯೂಬ್ ನದಿಯ ಸೇತುವೆಯ ಮೇಲೆ ನಿಂತು, ಮೊಬೈಲಿನಲ್ಲಿ ನಿನ್ನ ಫೋಟೋ ತೋರಿಸಿದಳು.

"ನಮ್ಮಪ್ಪ. ಇದೇ ಊರಿನವ್ರು, ಹೋದ ವರ್ಷ ತೀರ್ಕೊಂಡ್ರು. ನನ್ನ ಮಲಗಿಸುವಾಗೆಲ್ಲ ಈ ಸೇತುವೆ ಕತೆ ಹೇಳೋರು."

ನೀನು ಸತ್ತ ಸುದ್ದಿ ನನಗೆ ತಲುಪಿದ್ದು ಹೀಗೆ. ನಮ್ಮನ್ನು ಬಿಟ್ಟುಹೋದ ಮೇಲೆ ಒಂದು ಕಾಗದವನ್ನೂ ಬರೆಯದವನು, ಅವಳಿಗೆ ದಿನಾ ಕತೆ ಹೇಳಿದೆಯಾ?

"ಇಲ್ಲಿ ಅವರ ಕಡೆಯವ್ರು ಯಾರೂ ಇಲ್ವಾ?" ಎಂದು ಕೇಳಿದೆ.

"ಯಾರೂ ಇಲ್ವಂತೆ. ಪಾಪ, ಒಂಟಿ ಜೀವ."

ಅಮ್ಮ ಸಾಯುವವರೆಗೂ ಬಾಗಿಲ ಮೇಲಿನ ನಿನ್ನ ಹೆಸರನ್ನು ತೆಗೆಯಲು ಬಿಡಲಿಲ್ಲ. ಅದನ್ನು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾಕೆ ಹಾಗೆ ನೋಡ್ತಿದೀರಾ? ಅವ್ರು ಗೊತ್ತಿದ್ರಾ ನಿಮಗೆ?"

"ಇಲ್ಲಮ್ಮಾ," ಎಂದೆ. "ಬನ್ನಿ, ಎಲ್ರೂ ಕಾಯ್ತಿದಾರೆ."

ಥೂ, ಸತ್ತ ಮೇಲೂ ನನ್ನ ಬಾಯಲ್ಲಿ ನಿನ್ನ ಸುಳ್ಳನ್ನೇ ಹೇಳಿಸಿದೆಯಲ್ಲ!